ನಲವತ್ತು ಎಲೆಯ ಕಟ್ಟು

ಹೆಂಚಿನ ಕಾರ್ಖಾನೆ, ಖಾನಾಪುರ
೨೫-೮-೨೦೦೩, ಶ್ರಾವಣದ ಕಡೆಯ ಸೋಮವಾರ

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಕೆಳಗಿರುವ ಅಗಣ್ಯರೇ, ಕಣಕುಂಬಿ ಕನ್ನಡ ಶಾಲೆಯ ಇಪ್ಪತ್ತೇಳು ಮಕ್ಕಳೇ, ಆ ಮಕ್ಕಳ ಕಾಲಿಗೆ ಅಂಟಿಕೊಂಡು ಹಾಜರಿ ಕೊಡದೆ ಒಳಗೆ ಬರುವ ಜಿಗಣೆಗಳೇ, ಮತ್ತು ಇವರೆಲ್ಲರ ನಡುವೆ ಖುರ್ಚಿಯಲ್ಲಿ ಕುಳಿತು ಹುಬ್ಬು ಗಂಟಿಕ್ಕಿ ಈ ಕಾಗದ ಓದುತ್ತಿರುವ ಮಾನ್ಯ ಅಧ್ಯಕ್ಷೆಯವರೇ,

ಇಂದಿನ ಉಪನ್ಯಾಸದ ವಿಷಯ: ನೂರಾ ಹನ್ನೆರಡು ಎಲೆಗಳಲ್ಲಿ ನಲವತ್ತನ್ನು ಆರಿಸುವ ಬಗೆ. ಉಪನ್ಯಾಸಕರಿಗೆ ನಲವತ್ತೈದು ವರ್ಷ. ಈ ವಿದ್ಯೆಯಲ್ಲಿ ಅವರು ಐವತ್ತಮೂರು ಸಲ ಸೋತು ಪರಿಣತಿ ಪಡೆದಿದ್ದಾರೆ. ಸೋಲಿಸಿದವರಿಗೆ ಹನ್ನೆರಡು ವರ್ಷ. ಚಪ್ಪಾಳೆ ಬೇಡ, ಕೂತಲ್ಲೇ ಕೂತಿರಿ.

ಪ್ರಮಿಳಾ, ಶರಣು. ನಾವಿಬ್ಬರೂ ಕ್ಷೇಮ. ನಿನ್ನ ಕಾಗದ ಬಂದು ಹದಿನಾರು ದಿನ ಆಯಿತು. ಉತ್ತರ ತಡವಾದದ್ದಕ್ಕೆ ನನ್ನ ಹತ್ತಿರ ಮೂರು ಕಾರಣಗಳಿವೆ. ಮೂರೂ ಒಂದಕ್ಕೊಂದು ಹೊಂದುವುದಿಲ್ಲ, ಆದ್ದರಿಂದ ಯಾವುದನ್ನೂ ಬರೆಯುವುದಿಲ್ಲ. ಸಿಟ್ಟಾಗಬೇಡ, ಆದರೂ ಪರವಾಗಿಲ್ಲ.

ನೀನು ಕೇಳಿದ್ದು ಒಂದೇ ಪ್ರಶ್ನೆ. ವರ್ಗಾವಣೆಯ ಪಟ್ಟಿ ಬಂದಿದೆ. ನಿನ್ನ ಕೋಣೆಯಲ್ಲೇ ಇರುವ ಭೀಮಕ್ಕ ಟೀಚರ ಹೆಸರು ಅದರಲ್ಲಿದೆ, ನಿನ್ನ ಹೆಸರು ಇಲ್ಲ. ಸೇವೆ ಅವರಿಗಿಂತ ನಿನ್ನದೇ ಎರಡು ವರ್ಷ ಹೆಚ್ಚು. “ನೀವು ದಿನಾ ಖಾನಾಪುರದಾಗ ಇಳೀತೀರಿ. ಕಚೇರ್ಯಾಗ ಒಂದ ಮಾತು ಕೇಳ್ರಿ. ಮೇ ತಿಂಗಳದಾಗ ನೀವು ನನ್ನ ಅರ್ಜಿ ಕೊಟ್ಟಾಗ ಅವರು ಸಹಿ ಶಿಕ್ಕಾ ಹಾಕಿ ಕೊಟ್ಟ ಪೋಚ್ ಇರತೈತಲ್ಲ, ಅದರ ನಂಬರ ಬರದ ಕಳಸ್ರಿ. ಈ ಸಲ ತಪ್ಪಿದರ ಇನ್ನೊಂದ ವರ್ಷ ಇಲ್ಲೇ ನನ್ನ ಗತಿ.” ನೀನು ಬರೆದದ್ದು ಶುದ್ಧ ಗ್ರಂಥಭಾಷೆಯಲ್ಲಿ, ಆದರೆ ನಾನು ಓದಿಕೊಂಡದ್ದು ಹೀಗೆ, ನಿನ್ನ ದನಿಯಲ್ಲಿ. ಅದಕ್ಕೆ ಬರುತ್ತೇನೆ. ಮೊದಲು ಎಲೆಗಳ ವಿಷಯ, ಯಾಕೆಂದರೆ ಮಗಳ ಸುದ್ದಿ ಎಲ್ಲ ಅದರೊಳಗೇ ಇದೆ.

ಇವತ್ತು ಬರೆಯಲು ಪುರಸೊತ್ತೂ ಇದೆ. ಮಳೆಗೆ ಹೆಂಚು ಒಣಗುತ್ತಿಲ್ಲ, ಒಣಗದ ಹೆಂಚು ಸುಡುವುದಿಲ್ಲ, ಸುಡದ ಹೆಂಚಿಗೆ ಲಾರಿ ಬರುವುದಿಲ್ಲ, ಲಾರಿ ಬರದಿದ್ದರೆ ಗೇಟ್‌ಪಾಸ್ ಬರೆಯುವ ಕಾರಕೂನನಿಗೆ ಕೆಲಸವಿಲ್ಲ. ಜಗತ್ತು ಹೀಗೆ ಒಂದಕ್ಕೊಂದು ಕೂಡಿಕೊಂಡು ನನಗೆ ರಜೆ ಕೊಟ್ಟಿದೆ.

ಮನೆಯ ವರದಿ: ಅನ್ನ ನಾನು ಮಾಡುತ್ತೇನೆ, ರೊಟ್ಟಿ ಖಾಸಬಾಗದ ಖಾನಾವಳಿಯಿಂದ ಬರುತ್ತದೆ, ಸಾರು ಒಂದು ದಿನ ಮಾಡಿದ್ದು ಎರಡು ದಿನ ಇರುತ್ತದೆ. “ಮೊದಲ ದಿನ ಸಾರು, ಮರುದಿನ ತಕರಾರು” ಅಂತ ನಾನು ಕಟ್ಟಿದ ಪ್ರಾಸಕ್ಕೆ ಸಮೃದ್ಧಿ ನಗಲಿಲ್ಲ. “ಪ್ರಾಸ ಮಾಡೂ ಹೊತ್ತಿನ್ಯಾಗ ಒಗ್ಗರಣಿ ಹಾಕಬೇಕಿತ್ತು,” ಅಂದಳು. ನಿನ್ನ ಮಗಳೇ, ಸಂಶಯವಿಲ್ಲ.

ನಿನಗೆ ನೆನಪಿರಬಹುದು. ನೀನು ಕಣಕುಂಬಿಗೆ ಹೋದ ಮೊದಲ ವರ್ಷ ಅವಳು ನನ್ನ ಜೊತೆ ಆಡಿದ ಮಾತನ್ನೆಲ್ಲ ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದರೂ ವಿಳಾಸಕ್ಕೆ ಜಾಗ ಉಳಿಯುತ್ತಿತ್ತು. “ಊಟ.” “ಫೀ.” “ಇಲ್ಲೆ ಸಹಿ ಮಾಡು.” ನೀನು ತಿಂಗಳಿಗೊಮ್ಮೆ ಬಂದಾಗ ಮಾತ್ರ ಆ ನಲ್ಲಿ ಬಿಚ್ಚುತ್ತಿತ್ತು. ಒಳಗೆ ನೀವಿಬ್ಬರು, ಕಟ್ಟೆಯ ಮೇಲೆ ನಾನು ಮತ್ತು ಪೇಪರು. ತಕರಾರಲ್ಲ, ವರದಿ.

ಈ ಮೇ ತಿಂಗಳು ನೀನು ಹದಿನೈದು ದಿನದ ತರಬೇತಿಗೆ ಧಾರವಾಡಕ್ಕೆ ಹೋದೆಯಲ್ಲ, ಆ ವಾರವೇ ಅವಳು ಒಂದು ಸಂಜೆ ಬಂದು ನನ್ನ ಪೇಪರನ್ನು ಮಡಚಿ ಪಕ್ಕಕ್ಕಿಟ್ಟು, “ಅಪ್ಪಾ, ಇಲ್ಲೆ ಎದುರಿಗೆ ಕುಂದರು. ಒಬ್ಬಾಕಿನ ಆಡಾಕ ಬರೂದಿಲ್ಲ ಇದು,” ಅಂದಳು.

ಆಟ ಇಷ್ಟು. ಟಿವಿಯ ಜಪಾನಿ ಪ್ರಾಣಿಗಳ ಚಿತ್ರವಿರುವ, ಇಸ್ಪೀಟಿನಂಥ ಎಲೆಗಳು ಪಾಕೀಟಿನಲ್ಲಿ ಬರುತ್ತವೆ. ಒಂದೊಂದು ಪಾಕೀಟಿನಲ್ಲಿ ಎಂಟು, ಯಾವ ಎಂಟು ಅನ್ನೋದು ದೇವರಿಗೇ ಗೊತ್ತು. ಎಲ್ಲವನ್ನೂ ಆಡುವ ಹಾಗಿಲ್ಲ. ನಲವತ್ತನ್ನು ಆರಿಸಿ ಕಟ್ಟು ಮಾಡಬೇಕು. ನಲವತ್ತಕ್ಕೆ ಒಂದು ಕಡಿಮೆ ಇರಬಾರದು, ಒಂದು ಹೆಚ್ಚಿರಬಾರದು. ಒಂದೇ ಎಲೆ ಮೂರಕ್ಕಿಂತ ಹೆಚ್ಚು ಬರಬಾರದು. ಕಟ್ಟನ್ನು ಕಲಸಿ ಬೋರಲು ಇಟ್ಟು, ಮೊದಲು ಐದು ಕೈಗೆ ತೆಗೆದುಕೊಂಡು, ಆಮೇಲೆ ಸರದಿಗೆ ಒಂದೊಂದೇ ಎತ್ತಬೇಕು. ಎಲೆಗಳಲ್ಲಿ ಮೂರು ಜಾತಿ: ಹೊಡೆದಾಡುವ ಪ್ರಾಣಿ, ಪ್ರಾಣಿಗೆ ಶಕ್ತಿ ಕೊಡುವ ಎಲೆ, ಮತ್ತು ಯುಕ್ತಿಯ ಎಲೆ. ಎರಡನೆಯದಕ್ಕೆ ನಾನು ‘ಮೇವು’ ಅಂತ ನಾಮಕರಣ ಮಾಡಿದ್ದೇನೆ. ಈಗ ಖಾಸಬಾಗದ ಅರ್ಧ ಹುಡುಗರು ಹಾಗೇ ಅನ್ನುತ್ತಾರೆ. ಕನ್ನಡ ಎಂ.ಎ. ಮಾಡಿದ್ದಕ್ಕೆ ನಾಡಿಗೆ ನನ್ನಿಂದ ಆದ ಸೇವೆ ಇಷ್ಟೇ.

ನಾನು ಕಟ್ಟಿದ ಮೊದಲ ಕಟ್ಟಿನಲ್ಲಿ ಇಪ್ಪತ್ತಾರು ಪ್ರಾಣಿಗಳಿದ್ದವು, ಎಲ್ಲವೂ ಭಾರಿ. ಹತ್ತು ತಲೆಯ ಹಾವು, ರೆಕ್ಕೆಯ ಹುಲಿ, ಬೆಂಕಿ ಉಗುಳುವ ಏಡಿ. ಚಿತ್ರ ಚಂದ ಕಂಡದ್ದನ್ನೆಲ್ಲ ಸೇರಿಸಿದೆ. ಆಡಲು ಕೂತರೆ ಕೈಯಲ್ಲಿ ಐದಕ್ಕೆ ಐದೂ ದೊಡ್ಡವು, ಮೇವು ಒಂದೂ ಇಲ್ಲ. ಐದು ಮಂದಿ ಸಾಹೇಬರು ಕೂತಿದ್ದಾರೆ, ಫೈಲು ತರುವ ಸಿಪಾಯಿ ಒಬ್ಬನೂ ಇಲ್ಲ, ಅಂಥ ಪರಿಸ್ಥಿತಿ. ನಾಲ್ಕು ಸರದಿಯಲ್ಲಿ ಸೋತೆ. “ಹತ್ತು ತಲೆಯ ಹಾವು, ಹೊತ್ತಿಗೆ ಸಿಗದು ಮೇವು” ಅಂತ ಸಮಾಧಾನ ಮಾಡಿಕೊಂಡೆ.

ಅವಳು ನನ್ನ ಕಟ್ಟನ್ನು ಹರವಿ ನೋಡಿ ಹಣೆ ಹಣೆ ಬಡಿದುಕೊಂಡಳು. “ಅಪ್ಪಾ, ಇದು ಮದುವಿ ಪಂಗ್ತಿ ಅಲ್ಲ, ಕಂಡ ಕಂಡವರನ್ನ ಕರದು ಕುಂದರ್ಸಾಕ. ಚಂದ ಐತಿ ಅಂತ ಇಡಬಾರ್ದು. ಅದು ಕೈಗೆ ಬಂದಾಗ ಏನ್ ಮಾಡತೈತಿ ಅಂತ ಕೇಳಬೇಕು.”

“ಕೇಳಿದೆ. ಏನೂ ಹೇಳಲಿಲ್ಲ.”

“ಹಂಗಂದ್ರ ತಗದ ಒಗಿ.”

ಸೇರಿಸೋದು ಸುಲಭ, ಪ್ರಮಿಳಾ. ವಿದ್ಯೆ ಇರುವುದು ತೆಗೆಯೋದರಲ್ಲಿ. ನೂರಾ ಹನ್ನೆರಡು ಎಲೆಗಳನ್ನು ಚಾಪೆಯ ಮೇಲೆ ಹರವಿ ಅವಳು ನನಗೆ ಮೂರು ಗುಡ್ಡೆ ಮಾಡಲು ಹೇಳಿದಳು: ಇರಲಿ, ಬ್ಯಾಡ, ನೋಡೂಣು. ಅರ್ಧ ತಾಸಿನ ಮೇಲೆ ಬಂದು ನೋಡಿದರೆ ‘ಇರಲಿ’ಯಲ್ಲಿ ಒಂಬತ್ತು, ‘ಬ್ಯಾಡ’ದಲ್ಲಿ ಆರು, ಉಳಿದ ತೊಂಬತ್ತೇಳೂ ‘ನೋಡೂಣು’. ಅವಳು ಆ ಗುಡ್ಡೆಯನ್ನು ಎರಡೂ ಕೈಯಿಂದ ಬಳಿದು ‘ಬ್ಯಾಡ’ದ ಮೇಲೆ ಸುರಿದಳು. “ನೋಡೂಣು ಅಂದ್ರ ಏನ್ ಗೊತ್ತೇನು? ಬ್ಯಾಡ ಅನ್ನಾಕ ಧೈರ್ಯ ಇಲ್ಲ ಅಂತ. ಈಗ ಇದರಾಗಿಂದ ಯಾವುದು ಬಿಟ್ರ ಜೀವ ಹೋಗತೈತಿ, ಅದನ್ನಷ್ಟ ಹೊರಗ ತಗಿ.” ಇಪ್ಪತ್ತೆರಡು ವರ್ಷ ಈ ಕಾರ್ಖಾನೆಯ ಕಾಗದ ವಿಲೇವಾರಿ ಮಾಡಿದ ನನಗೆ ಯಾವ ಮ್ಯಾನೇಜರನೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಅವಳ ಲೆಕ್ಕದಲ್ಲಿ ಹದಿನಾಲ್ಕು ಪ್ರಾಣಿ, ಹದಿನಾರು ಮೇವು, ಹತ್ತು ಯುಕ್ತಿ. ಪ್ರಾಣಿಗಳಲ್ಲಿ ಒಂಬತ್ತು ಸಣ್ಣವು, ಒಂದೇ ಮೇವಿಗೆ ಏಳುವಂಥವು. ಎರಡೇ ಎರಡು ಭಾರಿ, ಮೂರು ಕಲ್ಲಿನ ಕಪ್ಪೆ. ಈ ಕಪ್ಪೆ ಹೊಡೆಯುವುದಿಲ್ಲ, ಬರೀ ಹೊಡೆತ ತಿನ್ನುತ್ತದೆ, ಅಷ್ಟರಲ್ಲಿ ಹಿಂದಿನವರು ತಯಾರಾಗುತ್ತಾರೆ. “ಕಲ್ಲಿನ ಕಪ್ಪಿ, ಮಿಸುಕೂದಿಲ್ಲ ತಪ್ಪಿ” ಅಂದೆ. ಇದಕ್ಕೆ ನಕ್ಕಳು. ತಾರೀಖು ಬರೆದಿಟ್ಟಿಲ್ಲ, ಜೂನ್ ಮೊದಲ ವಾರ.

ಇನ್ನು ವಿನಿಮಯ. ಖಾಸಬಾಗದಲ್ಲಿ ಭರಮಪ್ಪನ ಸ್ಟೇಶನರಿ ಅಂಗಡಿ ಗೊತ್ತಲ್ಲ, ನೀನು ಹಾಜರಿ ಪುಸ್ತಕ ಕೊಳ್ಳುವ ಅಂಗಡಿ. ಅದರ ಮುಂದಿನ ಕಟ್ಟೆ ಈಗ ಎಲೆಗಳ ಸಂತೆ. ರವಿವಾರ ನಾನೂ ಅವಳ ಜೊತೆ ಹೋಗುತ್ತೇನೆ. ಹದಿನೈದು ಮಕ್ಕಳ ನಡುವೆ ಒಬ್ಬ ಮೀಸೆಯವನು. ಭರಮಪ್ಪ ಮೊದಲ ದಿನವೇ, “ಅಯ್ನಾರ, ನಿಮಗ ದೊಡ್ಡವರ ಪಾಕೀಟ ಬ್ಯಾರೆ ತರಸ್ಲೇನ್ರಿ?” ಅಂತ ಕೇಳಿ ಕೃತಾರ್ಥನಾದ.

ಅಲ್ಲಿ ಪ್ರಸಾದ ಅಂತ ಒಬ್ಬ ಇದ್ದಾನೆ, ವಕೀಲರ ಮಗ, ಎಂಟನೇ ಇಯತ್ತೆ. ಅವನ ಹತ್ತಿರ ಮಿಂಚುವ ಎಲೆಗಳೇ ಒಂದು ಡಬ್ಬಿ. ಸಮೃದ್ಧಿಗೆ ಒಂದು ಪಾಕೀಟಿನಲ್ಲಿ ಚಿನ್ನದ ಬಣ್ಣದ ಡ್ರ್ಯಾಗನ್ ಬಂದಿತ್ತು, ಇಡೀ ಬೆಳಗಾವಿಯಲ್ಲಿ ಎರಡೋ ಮೂರೋ ಇರಬೇಕು. ಅದನ್ನು ಅವಳು ಪ್ರಸಾದನಿಗೆ ಕೊಟ್ಟು ನಾಲ್ಕು ಮೇವು, ಒಂದು ಕಪ್ಪೆ ತೆಗೆದುಕೊಂಡಳು. ನಾನು “ಏ ಹುಚ್ಚಿ, ರತ್ನ ಕೊಟ್ಟು ಹುಲ್ಲು ತಗೊಂಡಿಯಲ್ಲ!” ಅಂದರೆ, “ಅದು ಒಂದ ಐತಿ. ಏಳು ಮೇವು ತಿಂತೈತಿ. ಅದು ಎದ್ದ ನಿಂದ್ರೂ ಹೊತ್ತಿಗೆ ಎಲ್ಲಾರೂ ಮನಿಗೆ ಹೋಗಿರತಾರ,” ಅಂದಳು. ಪ್ರಸಾದ ಡ್ರ್ಯಾಗನ್ನನ್ನು ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡ. ಇಬ್ಬರಿಗೂ ಮೋಸ ಮಾಡಿದ ಸಂತೋಷ.

ಶ್ರಾವಣದಲ್ಲಿ ಭರಮಪ್ಪ ಪಂದ್ಯ ಇಟ್ಟ. ಗೆದ್ದವರಿಗೆ ಒಂದು ಇಡೀ ಡಬ್ಬಿ ಪಾಕೀಟು. ಅವಳ ಕಟ್ಟಿಗೆ ಇನ್ನೂ ಹದಿನೇಳು ಎಲೆ ಕಡಿಮೆ ಬೀಳುತ್ತಿದ್ದವು. ಎಷ್ಟು ಪಾಕೀಟು ಒಡೆದರೂ ಬರುವುದು ಬೇಡದವೇ. ನಾನು ಭರಮಪ್ಪನನ್ನು ಕೇಳಿದೆ, “ನಾವ ಮನ್ಯಾಗ ಮಾಡಿದ್ರ ನಡೀತೈತೇನು?”

“ನಡೀತೈತ್ರಿ. ನಾ ಮಾರೂವೂ ಏನ್ ಜಪಾನದಿಂದ ಬಂದಾವೇನು? ಬರೇ ಎರಡ ಮಾತು: ಎಲ್ಲಾ ಎಲಿ ಒಂದ ಅಳತಿ ಇರಬೇಕು, ಬೆನ್ನು ಎಲ್ಲಾ ಒಂದ ತರ ಇರಬೇಕು. ಬೆನ್ನ ನೋಡಿ ಗುರ್ತ ಹತ್ತಬಾರ್ದು. ಮುಂದಿನ ಎಲಿ ಯಾವುದು ಬರತೈತಿ ಅಂತ ಮೊದಲ ತಿಳದ್ರ ಅದು ಆಟ ಅಲ್ರಿ, ಶಾಸ್ತ್ರ ಕೇಳೂದು.”

ಬೆನ್ನು ಒಂದೇ ತರ ಇರಲಿ ಅಂತ ನಾನು ನಿಜವಾದ ಎಲೆಗಳಿಗೂ, ಮಾಡುವ ಎಲೆಗಳಿಗೂ ಪುಸ್ತಕಕ್ಕೆ ಹಾಕುವ ಖಾಕಿ ಕಾಗದ ಅಂಟಿಸಲು ನಿಶ್ಚಯಿಸಿದೆ. ರಟ್ಟು ಬೇಕಿತ್ತು, ಬಾಗದ ಗಟ್ಟಿ ರಟ್ಟು. ಬಾಜು ಮನೆಯ ಸಾತಪ್ಪನ ಮಗ್ಗಗಳ ಮೇಲೆ ಸೀರೆಯ ಅಂಚಿಗೆ ಹೂಬಳ್ಳಿ ಮೂಡಿಸುವ ರಟ್ಟಿನ ಪಟ್ಟಿಗಳ ಮಾಲೆ ಸುತ್ತುತ್ತಿರುತ್ತದಲ್ಲ, ತೂತು ತೂತಿನದು, ಅಂಥದೊಂದು ಹಳೆಯ ಮಾಲೆ ಮೂಲೆಯಲ್ಲಿ ತೂಗುತ್ತಿತ್ತು. ಮಾವಿನಕಾಯಿ ಅಂಚು, ಈಗ ಯಾರೂ ಉಡುವುದಿಲ್ಲವಂತೆ.

“ಏನ್ರಿ ಸ್ವಾಮ್ಯಾರ, ಕಾರಕೂನಕಿ ಬಿಟ್ಟು ಇಸ್ಪೀಟ ಹಿಡದ್ರೇನು?” ಅಂದ ಸಾತಪ್ಪ, ಮಗ್ಗದ ಸದ್ದಿನ ಮೇಲೆ ಕೂಗಿ.

“ಇಸ್ಪೀಟ ಅಲ್ಲೋ, ಪ್ರಾಣಿ.”

“ಪ್ರಾಣಿ ಸಾಕೂದು ಚಲೋ ಬಿಡ್ರಿ. ಒಯ್ರಿ ಒಯ್ರಿ. ನಮ್ಮಪ್ಪ ಬಡದ ತೂತು ಅವು, ಒಂದೊಂದ ಪಟ್ಟಿ ಒಂದೊಂದ ತರ. ಒಂದರಂಗ ಇನ್ನೊಂದ ಇರೂದಿಲ್ಲ, ಇದ್ದರ ಹೂವು ಹೆಂಗ ಮೂಡಬೇಕ್ರಿ?”

ಕೇಳಿದೆಯಾ? ಒಂದೊಂದು ಪಟ್ಟಿ ಒಂದೊಂದು ತರ ಅಂತ ಅವನು ನನ್ನ ಕಿವಿಗೇ ಹೇಳಿದ. ವಡಗಾವಿಯಲ್ಲಿ ಹದಿನೆಂಟು ವರ್ಷ ಮಗ್ಗದ ಸದ್ದಿನಲ್ಲಿ ಬಾಳಿದವನು ನಾನು. “ಹೌದ ಹೌದು” ಅಂತ ತಲೆಯಾಡಿಸಿ, ಮಾಲೆಯನ್ನು ಹೆಗಲಿಗೆ ಹಾಕಿಕೊಂಡು ಗೆದ್ದ ಪೈಲ್ವಾನನ ಹಾಗೆ ಮನೆಗೆ ಬಂದೆ.

ಅಳತೆಗೆ ಕತ್ತರಿಸಿದ್ದು ನಾನು. ಚಿತ್ರ ಬರೆದದ್ದು ಅವಳು. ಮೈದಾ ಅಂಟು ಕುದಿಸಿದ್ದು ನಾನು, ಪಾತ್ರೆ ತಳ ಹಿಡಿಸಿದ್ದೂ ನಾನೇ, ನೀನು ಬಂದಾಗ ನೋಡುವುದಕ್ಕಿಂತ ಮೊದಲೇ ಹೇಳಿಬಿಡುತ್ತೇನೆ, ಆ ಸಣ್ಣ ಪಾತೇಲಿ. ಅಂಟಿಸಿ, ನಿನ್ನ ಟ್ರಂಕಿನ ಕೆಳಗೆ ಎರಡು ದಿನ ಒತ್ತಿಟ್ಟೆವು. ತೆಗೆದಾಗ ಎಲೆಗಳು ಹಪ್ಪಳದ ಹಾಗೆ ನೆಟ್ಟಗೆ, ಗಟ್ಟಿಯಾಗಿ ಇದ್ದವು. ನಲವತ್ತು ಖಾಕಿ ಬೆನ್ನು. ಅವಳು ಒಂದೊಂದನ್ನೇ ತಿರುವಿ ನೋಡಿದಳು. ಬಹಳ ಹೊತ್ತು ನೋಡಿದಳು. “ಚಲೋ ಆಗ್ಯಾವು ಅಪ್ಪಾ,” ಅಂದಳು. ನಾನು ಮೀಸೆ ತಿರುವಿದೆ. ಆಮೇಲಿನ ಎಂಟು ದಿನ ನಾವು ಆ ಕಟ್ಟಿನಿಂದಲೇ ಆಡಿದೆವು. ಎಲೆ ಎತ್ತುವಾಗ ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಚಟ ಇರಬೇಕು ಅಂದುಕೊಂಡೆ.

ನಿನ್ನೆ ಪಂದ್ಯ. ಭರಮಪ್ಪ ಅಂಗಡಿಯ ಮುಂದೆ ತಾಡಪತ್ರೆ ಕಟ್ಟಿಸಿ, ಕೆಳಗೆ ಜಮಖಾನೆ ಹಾಸಿದ್ದ. ಹದಿನಾರು ಮಂದಿ. ನಾನು ಕಂಬಕ್ಕೆ ಒರಗಿ ನಿಂತೆ. ಮೊದಲ ಎದುರಾಳಿ ಅವಳ ಕಪ್ಪೆಗಳನ್ನು ದಾಟಲೇ ಇಲ್ಲ. ಎರಡನೆಯವನು ಕೈಯಲ್ಲಿ ಐದು ಸಾಹೇಬರನ್ನು ಹಿಡಿದುಕೊಂಡು ನನ್ನ ಹಾಗೆಯೇ ಕಣ್ಣು ಬಿಟ್ಟ. ಅವನ ಬಗ್ಗೆ ನನಗೆ ಆತ್ಮೀಯತೆ ಹುಟ್ಟಿತು. ಮೂರನೆಯದನ್ನೂ ಗೆದ್ದಳು. ಕೊನೆಗೆ ಪ್ರಸಾದ.

ಪ್ರಸಾದನ ಡ್ರ್ಯಾಗನ್ ಮೊದಲ ಕೈಯಲ್ಲೇ ಬಂದಿತ್ತು. ಅವನು ಮೇವು ಕೂಡಿಸುತ್ತ ಕೂತ, ಇವಳು ಸಣ್ಣ ಪ್ರಾಣಿಗಳಿಂದ ಚುಚ್ಚುತ್ತ ಕೂತಳು. ಅವನಿಗೆ ಇನ್ನೂ ಎರಡು ಮೇವು ಬೇಕಿತ್ತು, ಇವಳಿಗೆ ಒಂದು ಹೊಡೆತ. ಇವಳು ಎತ್ತಲು ಕೈ ಚಾಚಿದಳು. ಅಷ್ಟರಲ್ಲಿ ಮಳೆ ನಿಂತು, ತಾಡಪತ್ರೆಯ ಅಂಚಿನಿಂದ ಬಿಸಿಲು ಓರೆಯಾಗಿ ಬಿತ್ತು.

“ಕಾಕಾ!” ಅಂತ ಕೂಗಿದ ಪ್ರಸಾದ. “ಈಕಿ ಎಲಿಗೆ ಕುಣಿ ಬಿದ್ದಾವು ನೋಡ್ರಿ! ಒಂದೊಂದಕ್ಕ ಒಂದೊಂದ ನಮೂನಿ!”

ಭರಮಪ್ಪ ಬಂದು ಒಂದು ಎಲೆ ಎತ್ತಿ ಬಿಸಿಲಿಗೆ ಓರೆ ಹಿಡಿದ. ಬೆರಳು ಆಡಿಸಿದ. ಅಂಟು ಒಣಗಿದಾಗ ಖಾಕಿ ಕಾಗದ ತೂತಿನೊಳಗೆ ಜಗ್ಗಿ, ಟ್ರಂಕಿನ ಭಾರಕ್ಕೆ ಒಳಗೇ ಕೂತಿತ್ತು. ನನ್ನ ಹದಿನೇಳು ಎಲೆಗಳ ಬೆನ್ನ ಮೇಲೂ ಸಾತಪ್ಪನ ಅಪ್ಪ ಬಡಿದ ಮಾವಿನಕಾಯಿ ಅಂಚು ತುಂಡು ತುಂಡಾಗಿ ಮೂಡಿತ್ತು. ಒಂದರ ಹಾಗೆ ಇನ್ನೊಂದಿಲ್ಲ. ಸ್ಪಷ್ಟ ಕೆಲಸ. ನನಗೆ ಮಾತ್ರ ಕಂಡಿರಲಿಲ್ಲ.

ನಾನು ಮುಂದೆ ಹೋದೆ. ಏನು ಮಾತಾಡಿದೆ ಅಂತ ಈಗ ನೆನಪು ಮಾಡಿಕೊಂಡರೆ ನಾಚಿಕೆ. “ಭರಮಪ್ಪ, ತಪ್ಪು ನಂದು, ರಟ್ಟು ನಾ ತಂದದ್ದು, ಹುಡುಗಿಗೆ ಇದರ ಗಂಧ ಗಾಳಿ ಗೊತ್ತಿಲ್ಲ, ಸಣ್ಣ ಹುಡುಗಿ” ಅಂತ ಸಭೆಗೆ ಭಾಷಣ ಮಾಡುವವನ ಹಾಗೆ ಮಾಡಿದೆ. ಭರಮಪ್ಪ ನನ್ನ ಕಡೆ ನೋಡಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು ಅವಳನ್ನೇ ಕೇಳಿದ. “ಹೌದೇನವ್ವ? ಗೊತ್ತಿರಲಿಲ್ಲೇನು?”

“ಗೊತ್ತಿತ್ತು ಕಾಕಾ.”

“ಯಾವಾಗಿಂದ?”

“ಟ್ರಂಕಿನ ಬುಡಕಿಂದ ತಗದ ದಿನದಿಂದ. ನಾಕು ತೂತು ಸಾಲಾಗಿ ಇದ್ದದ್ದು ಕಪ್ಪಿ. ಮೂಲ್ಯಾಗ ಎರಡ ಇದ್ದದ್ದು ಮೇವು. ನೋಡಬಾರ್ದು ಅಂತ ಬ್ಯಾರೆ ಕಡೆ ನೋಡಕೋತ ಎತ್ತತಿದ್ದೆ. ಆದರ ಬೆರಳಿಗೆ ತಿಳೀತೈತಿ.”

“ಮತ್ತ ಮೊದಲ ಯಾಕ ಹೇಳಲಿಲ್ಲ?”

ಅವಳು ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ, “ಅಪ್ಪ ಭಾಳ ಖುಷಿಲೆ ಮಾಡಿದ್ದ,” ಅಂದಳು. “ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ. ಈಗ ನೀವು ಕೇಳಿದ್ರಿ.”

ಡಬ್ಬಿ ಪ್ರಸಾದನಿಗೆ ಹೋಯಿತು. ಅವನೂ ಅದನ್ನು ತೆಗೆದುಕೊಳ್ಳುವಾಗ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದ. ಭರಮಪ್ಪ ಸಮೃದ್ಧಿಗೆ ಒಂದು ಪಾಕೀಟು ಕೊಟ್ಟ. ಬೇಡ ಅನ್ನುತ್ತಾಳೆ ಅಂದುಕೊಂಡೆ, ಅಂಥ ಗಾಂಭೀರ್ಯದ ಗಳಿಗೆ ಅದು. ಅವಳು ಥಟ್ಟನೆ ಇಸಕೊಂಡು, ಓಣಿ ತಿರುಗುವುದರೊಳಗೆ ಹರಿದು ನೋಡಿದಳು. ಮೂರು ಮೇವು, ಐದು ಕಸ.

ಬರುವ ದಾರಿಯಲ್ಲಿ ನಾನು ಹೇಳಿದೆ, “ಗೊತ್ತಿರಲಿಲ್ಲ ಅಂದಿದ್ದರ ಮುಗೀತಿತ್ತಲ್ಲ ಮಗಳ. ನಾ ಹೇಳಿದ್ನಲ್ಲ, ಭರಮಪ್ಪ ನಂಬತಿದ್ದ. ಹೊಸಾ ಎಲಿ ಮಾಡಿ ಇನ್ನೊಮ್ಮೆ ಆಡಸ್ತಿದ್ದ.”

“ನಿನಗ ಗೊತ್ತಿರಲಿಲ್ಲ ಅನ್ನೂದು ಖರೇ. ನನಗ ಗೊತ್ತಿರಲಿಲ್ಲ ಅಂದಿದ್ರ ಸುಳ್ಳಾಗತಿತ್ತು.”

“ಅಷ್ಟಕ್ಕ ಡಬ್ಬಿ ಹೋತಲ್ಲ.”

“ಹೋತು,” ಅಂದಳು. ಸ್ವಲ್ಪ ಹೊತ್ತು ಅತ್ತಳು ಕೂಡ, ಸಾತಪ್ಪನ ಮನೆಯ ಮುಂದೆ ಬರುವವರೆಗೆ. ಮಗ್ಗದ ಸದ್ದಿನಲ್ಲಿ ನನಗೆ ಕೇಳುವುದಿಲ್ಲ ಅಂದುಕೊಂಡಿರಬೇಕು. ಮನೆಗೆ ಬಂದು ಮುಖ ತೊಳೆದುಕೊಂಡು, ಹದಿನೇಳು ಎಲೆಗಳನ್ನೂ ಬೇರೆ ತೆಗೆದಿಟ್ಟು, ಉಳಿದವನ್ನು ಚಾಪೆಯ ಮೇಲೆ ಹರವಿ ಮತ್ತೆ ಮೊದಲಿನಿಂದ ಆರಿಸಲು ಕೂತಳು. ನಾನು ಎದುರಿಗೆ ಕೂತೆ. ಆಗ, ತಲೆ ಎತ್ತದೆ, ಎಲೆ ಜೋಡಿಸುತ್ತ ಕೇಳಿದಳು:

“ಅಪ್ಪಾ, ಅವ್ವನ ಹೆಸರು ಪಟ್ಟ್ಯಾಗ ಯಾಕ ಇಲ್ಲ?”

“ನಾಳೆ ಕಚೇರ್ಯಾಗ ಕೇಳತೀನಿ,” ಅಂದೆ.

“ಹದಿನೈದ ದಿನದಿಂದ ನಾಳೆ ಅನ್ನಾಕತ್ತಿ.”

ಇದು ನಿನ್ನೆಯ ಸಂಜೆಯ ಮಾತು. ಇವತ್ತು ಬೆಳಿಗ್ಗೆ ಖಾನಾಪುರದಲ್ಲಿ ಇಳಿದೆ. ಕಚೇರಿ ಸ್ಟ್ಯಾಂಡಿನಿಂದ ಇನ್ನೂರು ಹೆಜ್ಜೆ, ಎಣಿಸಿದ್ದೇನೆ. ಹೋಗಲಿಲ್ಲ. ಕಾರ್ಖಾನೆಗೆ ಬಂದು ಈ ಕಾಗದ ಶುರು ಮಾಡಿದೆ. ಜಾಂಬೋಟಿಯಿಂದ ಮುಂದೆ ರಸ್ತೆ ಸರಿಯಾಗಿದೆಯಂತೆ, ಏಳು ವಾರದ ಮೇಲೆ ಇವತ್ತಿನಿಂದ ಬಸ್ಸು ಕಣಕುಂಬಿ ತನಕ ಹೋಗುತ್ತದೆ ಅಂತ ಡ್ರೈವರ್ ಗುರುಪಾದಪ್ಪ ಹೇಳಿದ. ಮೂರು ಗಂಟೆಗೆ ಅವನ ಕೈಯಲ್ಲೇ ಕೊಡುತ್ತೇನೆ. ಟಪಾಲಿಗೆ ಹಾಕಿದರೆ ಡಬ್ಬಿಯ ಮುಂದೆ ನಿಂತು ಇನ್ನೂ ಹದಿನಾರು ದಿನ ವಿಚಾರ ಮಾಡಿಯೇನು. ಗುರುಪಾದಪ್ಪ ಹಾರ್ನ್ ಹೊಡೆಯುತ್ತಾನೆ, ಕೊಡಲೇಬೇಕು. ಬಸ್ಸು ಇದೆ ಅಂದಮೇ‌ಲೆ ನೀನೂ ಶನಿವಾರ ಬರಬಹುದು. ಬಾ. ಸಮೃದ್ಧಿ ನಿನಗೆ ಆಟ ಕಲಿಸಲು ಕಾಯುತ್ತಿದ್ದಾಳೆ. ನೀನು ನನಗಿಂತ ಬೇಗ ಕಲಿಯುತ್ತೀ ಅಂತ ಅವಳ ಅಂದಾಜು.

ಭೀಮಕ್ಕ ಟೀಚರಿಗೆ ವರ್ಗ ಆದದ್ದಕ್ಕೆ ಅಭಿನಂದನೆ ತಿಳಿಸು. ಕಾಲಿಗೆ ಸುಣ್ಣ ಹಚ್ಚಿಕೊಂಡು ಶಾಲೆಗೆ ಹೋಗು, ಜಿಗಣೆ ಹತ್ತುವುದಿಲ್ಲ. ರಾತ್ರಿ ಒಬ್ಬಳೇ ಕೂತು ನೋಟ್‌ಬುಕ್ ತಿದ್ದಿ ಕಣ್ಣು ಕೆಡಿಸಿಕೊಳ್ಳಬೇಡ. ಗುರುಬಸವ ನಿನ್ನನ್ನು ಚೆನ್ನಾಗಿಟ್ಟಿರಲಿ, ಅಲ್ಲಿಯ ಇಪ್ಪತ್ತೇಳು ಮಕ್ಕಳನ್ನೂ.

ನಿನ್ನ
ಚನ್ನಬಸಯ್ಯ

ತಾ.ಕ.: ಪೋಚ್ ನಂಬರ ಇಲ್ಲ, ಯಾಕೆಂದರೆ ಪೋಚ್ ಇಲ್ಲ. ನಿನ್ನ ಅರ್ಜಿ ಕಚೇರಿಗೆ ಹೋಗಲೇ ಇಲ್ಲ, ಪ್ರಮಿಳಾ. ಮೇ ಹತ್ತೊಂಬತ್ತರಿಂದ, ಅರ್ಜಿ ಕೊಡುವ ಕಡೆಯ ದಿನವಾದ ಮೂವತ್ತೊಂದರ ತನಕ, ನನ್ನ ಚೀಲದಲ್ಲೇ ಇತ್ತು. ಮೊದಲ ದಿನ ಕಚೇರಿಯ ಮುಂದೆ ಉದ್ದ ಪಾಳಿ ಇತ್ತು. ಎರಡನೆಯ ದಿನ ಕ್ಲಾರ್ಕ್ ಚಹಾಕ್ಕೆ ಹೋಗಿದ್ದ. ಮೂರನೆಯ ದಿನ ಪಾಳಿ ಇರಲಿಲ್ಲ, ಕ್ಲಾರ್ಕ್ ಖುರ್ಚಿಯಲ್ಲೇ ಇದ್ದ, “ಏನ್ ಬೇಕಿತ್ರಿ?” ಅಂತ ಕೇಳಿದ. “ಏನಿಲ್ಲರಿ” ಅಂದು ಹೊರಗೆ ಬಂದೆ. ಹಿಂದಿನ ಸಂಜೆ ಸಮೃದ್ಧಿ ನನ್ನನ್ನು ಮೊದಲ ಸಲ ಎದುರಿಗೆ ಕೂಡಿಸಿಕೊಂಡಿದ್ದಳು. ನೀನು ಬಂದರೆ ಅವಳು ನಿನ್ನ ಎದುರಿಗೆ ಕೂಡುತ್ತಾಳೆ ಅನ್ನಿಸಿತು. ನೀನು ಧಾರವಾಡದಿಂದ ಫೋನಿನಲ್ಲಿ “ಕೊಟ್ರೇನು?” ಅಂದಾಗ “ಹ್ಞೂಂ” ಅಂದೆ. ಸಮೃದ್ಧಿಗೆ ಇನ್ನೂ ಗೊತ್ತಿಲ್ಲ. ಇವತ್ತು ಸಂಜೆ ಹೇಳುತ್ತೇನೆ. ಕಚೇರಿಯವರು ಕಳೆದಿಲ್ಲ, ಪಟ್ಟಿಯಲ್ಲಿ ತಪ್ಪಿಲ್ಲ. ಬೇಕಂತಲೇ ಕೊಡಲಿಲ್ಲ ನಾನು.